ಕಸ್ತೂರಿಬಾಯಿಯ ಮೊಣಕಾಲು

ಶುಕ್ರವಾರ ಬೆಳಿಗ್ಗೆ ಸಂಭಾಜಿನಗರದ ಹಳೇ ಪೇಟೆಗೆ ಲೋಬಾನದವರು ಬರುತ್ತಾರೆ. ಒಂದು ಕೈಯಲ್ಲಿ ಕೆಂಡದ ಪಾತ್ರೆ, ಇನ್ನೊಂದರಲ್ಲಿ ನವಿಲುಗರಿಯ ಕಟ್ಟು. ಕೆಂಡದ ಮೇಲೆ ಚಿಟಿಕೆ ಲೋಬಾನ ಉದುರಿಸಿ, ಎದ್ದ ಹೊಗೆಯನ್ನು ಅಂಗಡಿಯೊಳಗೆ ಬೀಸಿ, ಮುಂದಿನ ಅಂಗಡಿಗೆ ದಾಟುತ್ತಾರೆ. ಎರಡು ತಿಂಗಳ ಹಿಂದೆ ಅಮ್ಮನಿಗೆ ಸೀರೆ ನೋಡುತ್ತ ಕೂತಿದ್ದಾಗ ಆ ಹೊಗೆ ನೇರವಾಗಿ ನನ್ನ ಮುಖಕ್ಕೇ ಬಂತು. ಅಮ್ಮ ಭಕ್ತಿಯಿಂದ ಎರಡು ಕೈಯಲ್ಲಿ ಹೊಗೆಯನ್ನು ತಲೆಗೆ ಎಳೆದುಕೊಂಡಳು. ನಾನು ಕೈಯಲ್ಲಿದ್ದ ಸೀರೆ ಬಿಟ್ಟು ಎದ್ದು ಹೊರಗೆ ಬಂದುಬಿಟ್ಟೆ.

ಬೇರೆಯವರಿಗೆ ಅದು ದರ್ಗಾದ ವಾಸನೆ, ದೇವರ ಕೋಣೆಯ ವಾಸನೆ. ನನಗೆ ಅದು ಒಂದು ಮಂಚದ ವಾಸನೆ. ಮೂಳೆ ವಾರ್ಡಿನಲ್ಲಿ ಟಿಂಚರ್ ಬೆಂಝೋಯಿನ್ ಎಂಬ ಕಂದು ಔಷಧ ಇರುತ್ತದೆ. ಬೇರೇನೂ ಅಲ್ಲ, ಸ್ಪಿರಿಟ್‌ನಲ್ಲಿ ಕರಗಿಸಿದ ಲೋಬಾನವೇ. ತೊಡೆ ಮುರಿದವರ ಕಾಲನ್ನು ಎಳೆದು ಹಿಡಿಯಲು ಮೊಣಕಾಲಿನ ಕೆಳಗೆ ಮೂಳೆಯೊಳಗಿಂದ ಒಂದು ಉಕ್ಕಿನ ಕಡ್ಡಿ ತೂರಿಸಿ, ಅದಕ್ಕೆ ಹಗ್ಗ ಕಟ್ಟಿ, ರಾಟೆಯ ಮೇಲಿಂದ ತೂಕ ಇಳಿಬಿಡುತ್ತಾರೆ. ಅದಕ್ಕೆ ಟ್ರ್ಯಾಕ್ಷನ್ ಅನ್ನುವುದು. ಕಡ್ಡಿ ಚರ್ಮವನ್ನು ಹೊಗುವ ಜಾಗ ಕೀವಾಗದ ಹಾಗೆ ದಿನವೂ ಆ ಔಷಧದಲ್ಲಿ ನೆನೆಸಿದ ಬಟ್ಟೆ ಸುತ್ತಬೇಕು. ನಾನು ಇಪ್ಪತ್ತನಾಲ್ಕು ದಿನ ಒಬ್ಬಳೇ ಹೆಂಗಸಿಗೆ ಅದನ್ನು ಸುತ್ತಿದೆ. ಇಪ್ಪತ್ತನಾಲ್ಕು ದಿನ ಸುತ್ತುವ ಅಗತ್ಯವೇ ಇರಲಿಲ್ಲ.

ನಾನು ನರ್ಸ್. ಹತ್ತನೇ ತರಗತಿವರೆಗೆ ಭಾಲ್ಕಿಯಲ್ಲಿ ಅಜ್ಜಿಯ ಹತ್ತಿರ ಇದ್ದು ಓದಿ, ಆಮೇಲೆ ಅಪ್ಪ ದುಡಿಯುತ್ತಿದ್ದ, ಸಂಭಾಜಿನಗರದ ಪಕ್ಕದ ಕಾರ್ಖಾನೆ ಊರು ವಾಳೂಜ್‌ಗೆ ಬಂದು, ಇಲ್ಲೇ ನರ್ಸಿಂಗ್ ಪದವಿ ಮುಗಿಸಿ ಕ್ಯಾಜುವಾಲ್ಟಿಗೆ ಸೇರಿದೆ. ಕಾರ್ಖಾನೆಗಳಿಂದ ಬರುವ ಜಜ್ಜಿದ ಕೈ, ಹೆದ್ದಾರಿಯಿಂದ ಬರುವ ಮುರಿದ ಕಾಲು ನೋಡಿ ನೋಡಿ, ಈ ಕೆಲಸವನ್ನು ಅರ್ಧಂಬರ್ಧ ಮಾಡುವುದು ಬೇಡ, ಸರಿಯಾಗಿ ಕಲಿಯೋಣ ಅನ್ನಿಸಿತು. ನಾಸಿಕ್‌ನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪದವಿ ಮುಗಿಸಿದ ನರ್ಸ್‌ಗಳಿಗೆಂದೇ ಮೂಳೆ ಮತ್ತು ಅಪಘಾತ ಚಿಕಿತ್ಸೆಯ ಒಂದು ವರ್ಷದ ಕೋರ್ಸ್ ಇತ್ತು. ಸೀಟು ಸಿಕ್ಕಾಗ ಅಪ್ಪ ಕಾರ್ಖಾನೆಯಲ್ಲೆಲ್ಲ ಪೇಡೆ ಹಂಚಿದರು. ನನ್ನ ಕಾಲೂ ಆಗ ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಾಸಿಕ್‌ನ ಮಳೆ ನಮ್ಮ ಕಡೆಯ ಮಳೆಯ ಹಾಗಲ್ಲ. ನಮ್ಮಲ್ಲಿ ಬಂದರೆ ಬಡಿದು ಹೋಗುತ್ತದೆ. ಅಲ್ಲಿ ಜಿಟಿಜಿಟಿ ಅಂತ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಹಾಸ್ಟೆಲಿನಲ್ಲಿ ಒಗೆದ ಯೂನಿಫಾರಂ ಒಣಗದೆ ಹಸಿ ಬಟ್ಟೆಯಲ್ಲೇ ವಾರ್ಡಿಗೆ ಓಡುತ್ತಿದ್ದೆವು. ನಮ್ಮ ಟ್ಯೂಟರ್ ಶಿಂದೆ ಮೇಡಂ ಮೊದಲ ವಾರವೇ ಒಂದು ಕೆಲಸ ಮಾಡಿದರು. ನಮ್ಮನ್ನು ಒಬ್ಬೊಬ್ಬರನ್ನೇ ಮಂಚದ ಮೇಲೆ ಮಲಗಿಸಿ, ಕಾಲಿಗೆ ಪಟ್ಟಿ ಸುತ್ತಿ, ತೂಕ ಇಳಿಬಿಟ್ಟು, ಮಧ್ಯಾಹ್ನ ಪೂರ್ತಿ ಹಾಗೇ ಇರಿ ಅಂದರು. ಮಗ್ಗಲು ತಿರುಗುವಂತಿಲ್ಲ. ನೀರು ಬೇಕಾದರೆ ಇನ್ನೊಬ್ಬರನ್ನು ಕೇಳಬೇಕು. ಮೂತ್ರಕ್ಕೂ ಕೇಳಬೇಕು. ನಾನು ಮೂರು ಗಂಟೆಗೆ ಬೆನ್ನು ಸುಟ್ಟಂತಾಗಿ, ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಮೇಡಂ ತೂಕ ಬಿಚ್ಚುತ್ತ ಮರಾಠಿಯಲ್ಲಿ ಅಂದದ್ದು ಇಷ್ಟೇ: "ಈ ಮಧ್ಯಾಹ್ನವನ್ನು ಮರೆಯಬೇಡ."

ಮರೆಯಲಿಲ್ಲ. ಮರೆಯದೆಯೂ ಮಾಡಿದೆ. ಅದೇ ನನಗೆ ಇವತ್ತಿಗೂ ಚುಚ್ಚುವುದು.

ಆ ಕೋರ್ಸಿನಲ್ಲಿ ಒಂದು ನಿಯಮ ಇತ್ತು. ಪ್ರತಿಯೊಬ್ಬರೂ ಒಬ್ಬ ರೋಗಿಯನ್ನು ಹಿಡಿದು, ಟ್ರ್ಯಾಕ್ಷನ್‌ನಲ್ಲಿ ಸತತ ಇಪ್ಪತ್ತೊಂದು ದಿನ ನೋಡಿಕೊಂಡು, ಅದರ ಮೇಲೆ ಒಂದು ಪುಸ್ತಕ ಬರೆದು ಕೊಡಬೇಕು. ಕೇಸ್ ಸ್ಟಡಿ. ಹಿಂದಿನ ಕಾಲದಲ್ಲಿ ಅದೇನೂ ಕಷ್ಟವಿರಲಿಲ್ಲ. ತೊಡೆ ಮುರಿದವರು ತಿಂಗಳುಗಟ್ಟಲೆ ತೂಕ ಕಟ್ಟಿಕೊಂಡೇ ಮಲಗುತ್ತಿದ್ದರು. ಈಗ ಮೂಳೆಯೊಳಗೆ ರಾಡ್ ಹಾಕಿ ವಾರದೊಳಗೆ ಎಬ್ಬಿಸಿ ನಡೆಸುತ್ತಾರೆ. ಪಠ್ಯಕ್ರಮ ಮಾತ್ರ ಹಳೇದೇ ಉಳಿದಿತ್ತು. ಹಾಗಾಗಿ ನಾವೆಲ್ಲ, ಬೇಗ ಗುಣವಾಗದ ರೋಗಿಯೊಬ್ಬ ಸಿಗಲಿ ಅಂತ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆವು. ಇದನ್ನು ಹಾಸ್ಟೆಲಿನಲ್ಲಿ ನಗುತ್ತಲೇ ಹೇಳಿಕೊಳ್ಳುತ್ತಿದ್ದೆವು. ಇವತ್ತು ಬರೆಯುವಾಗ ನಗು ಬರುವುದಿಲ್ಲ.

ನನ್ನ ಮೊದಲ ಕೇಸು ಸಟಾಣಾ ಕಡೆಯ ದಾಳಿಂಬೆ ತೋಟದವರು. ಮೂರನೇ ದಿನ ಮನೆಯವರು ಬಂದು, ನಮ್ಮ ಕಡೆ ಮೂಳೆ ಕೂರಿಸುವವರಿದ್ದಾರೆ ಅಂತ ಸಹಿ ಹಾಕಿ ಕರೆದುಕೊಂಡು ಹೋದರು. ಎರಡನೆಯವರು ಒಬ್ಬ ಶಾಲಾ ಮಾಸ್ತರರು. ಮಾರನೇ ದಿನವೇ ಆಪರೇಷನ್ ಆಗಿ, ಹನ್ನೊಂದನೇ ದಿನ ವಾಕರ್ ಹಿಡಿದು ನಡೆದುಕೊಂಡು ಮನೆಗೆ ಹೋದರು. ಹೋಗುವಾಗ ನನಗೆ ಕೈ ಮುಗಿದರು. ನಾನು ನಕ್ಕೆ. ಒಳಗೆ ಸಿಟ್ಟು ಕುದಿಯುತ್ತಿತ್ತು. ಮನುಷ್ಯ ಎದ್ದು ನಡೆದದ್ದಕ್ಕೆ ಒಬ್ಬ ನರ್ಸಿಗೆ ಸಿಟ್ಟು ಬರಬಹುದು ಎಂಬುದು ನನಗೆ ಅವತ್ತು ವಿಚಿತ್ರವಾಗಿಯೂ ಕಾಣಲಿಲ್ಲ. ಜೊತೆಯವರದೆಲ್ಲ ಕೇಸು ಮುಗಿಯುತ್ತ ಬಂದಿತ್ತು, ನನ್ನದು ಇನ್ನೂ ಶುರುವೇ ಆಗಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಕಸ್ತೂರಿಬಾಯಿಯನ್ನು ಕರೆತಂದರು. ಅವಳ ಗಂಡ ರೇವಣಪ್ಪ ಚಾಂದವಡ್‌ನ ಈರುಳ್ಳಿ ಮಂಡಿಯಲ್ಲಿ ಕೆಲಸಕ್ಕಿದ್ದರು. ಅವರ ಜೊತೆ ಸ್ಕೂಟರ್ ಹಿಂದೆ ಕೂತು ಹೋಗುವಾಗ ಈರುಳ್ಳಿ ಹೇರಿದ ಟ್ರ್ಯಾಕ್ಟರ್ ತಾಗಿ ಇಬ್ಬರೂ ಬಿದ್ದಿದ್ದರು. ರೇವಣಪ್ಪನವರಿಗೆ ಮೊಣಕೈ ತರಚಿತ್ತು, ಅಷ್ಟೇ. ಕಸ್ತೂರಿಬಾಯಿಯ ಎಡ ತೊಡೆಯ ಮೂಳೆ ನಡುವೆ ಮುರಿದಿತ್ತು. ಸ್ಟ್ರೆಚರ್ ಮೇಲೆ ಅವಳು "ಯವ್ವಾ, ಸತ್ತೆನೇ ಯವ್ವಾ" ಅಂತ ಕೂಗುತ್ತಿದ್ದಳು. ಸುತ್ತಲಿನವರಿಗೆ ಅದು ಬರೀ ಕೂಗು. ನನಗೆ ಅಜ್ಜಿಯ ಊರಿನ ಮಾತು.

"ಅಕ್ಕ, ಒಂದೀಟು ತಡಕೋರಿ. ಕಾಲು ಅಲ್ಲಾಡಸ್ಬ್ಯಾಡ್ರಿ" ಅಂದೆ.

ಕೂಗು ಗಕ್ಕನೆ ನಿಂತಿತು. "ಯವ್ವಾ, ನೀ ನಮ್ಮಾಕಿ ಏನು? ಯಾವೂರಾಕಿ?"

"ಭಾಲ್ಕಿ."

"ನಂದು ಹುಮನಾಬಾದ." ಕಣ್ಣೀರು ಸುರಿಯುತ್ತಿದ್ದರೂ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. "ತಗೊ, ಇನ್ನ ನಂಗ ಏನೂ ಆಗಂಗಿಲ್ಲ."

ಆ ಹೊತ್ತಿನಿಂದ ನಾನು ಅವಳಿಗೆ ತಂಗಿ, ರೇವಣಪ್ಪನವರು ನನಗೆ ಮಾಮಾ. ಕಾಲಿಗೆ ಕಡ್ಡಿ ಹಾಕಿ ತೂಕ ಇಳಿಬಿಟ್ಟರು. ಆಪರೇಷನ್ ನಾಲ್ಕೈದು ದಿನದಲ್ಲಿ ಆಗುತ್ತದೆ ಅಂದರು. ನಾನು ಆ ಸಂಜೆಯೇ ನೋಟ್‌ಬುಕ್ಕಿನಲ್ಲಿ ಮೊದಲನೇ ದಿನ ಅಂತ ಬರೆದೆ, ಬರೆದು, ಈ ಕೇಸೂ ಕೈ ಬಿಟ್ಟು ಹೋಗುತ್ತದಲ್ಲ ಅಂತ ಪೆನ್ನು ಮುಚ್ಚಿಟ್ಟೆ.

ಮಲಗಿದಲ್ಲೇ ಅವಳು ವಾರ್ಡನ್ನೆಲ್ಲ ಆಳುತ್ತಿದ್ದಳು. ನಾಸಿಕ್ ರೋಡ್ ಸ್ಟೇಷನ್ನಿನ ಹತ್ತಿರ ಅವಳದೊಂದು ಖಾನಾವಳಿ. ಬೀದರ, ಕಲಬುರ್ಗಿ ಕಡೆಯಿಂದ ಬಂದ ವ್ಯಾಪಾರಿಗಳು, ಆಫೀಸಿನವರು ಅಲ್ಲಿ ಜೋಳದ ರೊಟ್ಟಿ ತಿನ್ನಲು ಬರುತ್ತಿದ್ದರಂತೆ. ಆಸ್ಪತ್ರೆಯ ಚಪಾತಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ತಿನ್ಬೇಕೋ, ಕಾಲಿಗೆ ಸುತ್ತಬೇಕೋ?" ಅಂತ ಆಯಾಗಳನ್ನು ಕೇಳುತ್ತಿದ್ದಳು. ನನ್ನ ಮಾತಿನಲ್ಲಿ ಮರಾಠಿ ನುಸುಳಿದರೆ, "ನಿನ್ನ ಕನ್ನಡಕ್ಕ ಯಾರೋ ಬ್ಯಾರೆ ಮನಿ ಒಗ್ಗರಣಿ ಹಾಕ್ಯಾರ" ಅನ್ನುವಳು. ರೊಟ್ಟಿ ಬಡಿಯುವುದನ್ನು ನನಗೆ ಮಲಗಿಕೊಂಡೇ ಕಲಿಸಿದಳು. ಎದೆಯ ಮೇಲಿನ ಚಾದರಿನ ಮೇಲೆ ಅಂಗೈ ಆಡಿಸುತ್ತ ಹೇಳುವಳು: "ಒಂದು ಮೊಣಕಾಲು ಮಡಚಿ ಕೆಳಗ ಹಾಕ್ಬೇಕು, ಇನ್ನೊಂದು ಎತ್ತಿ ನಿಲ್ಲಸ್ಬೇಕು. ಮೈಭಾರ ಎಲ್ಲಾ ಅಂಗೈಗಿ ಇಳೀಬೇಕು. ನಿಂತು ಬಡಿದ್ರ ರೊಟ್ಟಿ ಅಲ್ಲ ಅದು, ಹಲಗಿ." ಅವಳ ಕೈಯಲ್ಲಿ ಏನೂ ಇರಲಿಲ್ಲ, ಆದರೂ ನನಗೆ ರೊಟ್ಟಿ ಅಗಲವಾಗುತ್ತ ಹೋಗುವುದು ಕಾಣಿಸುತ್ತಿತ್ತು.

ನಾಲ್ಕನೇ ದಿನ ಥಿಯೇಟರಿನ ಎಕ್ಸ್‌ರೇ ಯಂತ್ರ ಕೆಟ್ಟಿತು. ರಾಡ್ ಹಾಕುವಾಗ ಮೂಳೆ ಒಳಗೆ ಹೇಗೆ ಕೂರುತ್ತಿದೆ ಎಂದು ನೋಡಲು ಅದು ಬೇಕೇ ಬೇಕು. ರೆಸಿಡೆಂಟ್ ಡಾಕ್ಟರು ಚಹಾ ಕುಡಿಯುತ್ತ ನನಗೆ ಹೇಳಿದರು, ಬಿಡಿಭಾಗ ಹೊರಗಿನಿಂದ ಬರಬೇಕಂತೆ, ಮೂರು ವಾರ ಮರೆತುಬಿಡಿ. ಆಮೇಲೆ ನಗುತ್ತ, "ನಿಮಗೆ ಒಳ್ಳೆಯದೇ ಆಯಿತಲ್ಲ ಸಿಸ್ಟರ್, ಇಪ್ಪತ್ತೊಂದು ದಿನ ಗ್ಯಾರಂಟಿ" ಅಂದರು. ನಾನೂ ನಕ್ಕೆ. ಮನೆಯವರಿಗೆ ಹೇಳಿದ್ದೀರಾ ಅಂತ ಕೇಳಲಿಲ್ಲ. ಅವರು ಹೇಳಿರಲಿಲ್ಲ, ಹೇಳುವವರೂ ಆಗಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಕಸ್ತೂರಿಬಾಯಿಯ ತಮ್ಮ ಶಿವರಾಜ ಬಂದ. ವಾಳೂಜ್‌ನಲ್ಲಿ ಕಾರ್ಖಾನೆ ಕೆಲಸ, ನಮ್ಮ ಮನೆಯಿಂದ ಎರಡೇ ಗಲ್ಲಿ ಆಚೆ ಅವನ ಮನೆ. ಮಳೆಯಲ್ಲಿ ನೆನೆದಿದ್ದ, ಏದುಸಿರು ಬಿಡುತ್ತ ಹೇಳಿದ: "ಮಾಮಾ, ಇಲ್ಲಿ ಯಾವಾಗ ಅಂತ ಯಾರೂ ಹೇಳವಲ್ರು. ನಮ್ಮ ವಾಳೂಜ್ ಕಡಿ ದವಾಖಾನ್ಯಾಗ ಮಾತಾಡಿ ಬಂದೀನಿ. ನಾಡಿದ್ದೇ ಆಪರೇಷನ್ ಮಾಡ್ತೀವಿ ಅಂದಾರ. ಗಾಡಿ ಕೆಳಗ ನಿಂತದ. ಅಕ್ಕನ್ನ ಇವತ್ತೇ ಒಯ್ಯೋಣು."

ರೇವಣಪ್ಪನವರು ಯಾವುದನ್ನೂ ತಟ್ಟನೆ ಮಾಡುವವರಲ್ಲ. ಹೆಗಲ ಮೇಲಿನ ಟವೆಲ್ ತೆಗೆದರು, ಮಡಚಿದರು, ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ತಂಗಿ, ನೀ ಒಂದು ಮಾತು ಹೇಳು. ಡಾಕ್ಟ್ರು ಹಿಂದಿ ಮಾತಿನ್ಯಾಗ ಏನೇನೋ ಅಂತಾರ, ನಂಗ ಪೂರಾ ತಿಳಿಯಂಗಿಲ್ಲ. ಒಯ್ಯೋಣೋ, ಬ್ಯಾಡೋ?"

ಮೂವರೂ ನನ್ನ ಮುಖ ನೋಡುತ್ತಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಐದು ದಿನ ಆಗಿತ್ತು.

"ಬ್ಯಾಡ್ರಿ ಮಾಮಾ" ಅಂದೆ. "ಅಷ್ಟು ದೂರ ಗಾಡ್ಯಾಗ ಅಲುಗಾಡಿದ್ರ ಎಲುಬು ಸರದು ನರ ಹರೀತದ. ಇಲ್ಲೇ ಮುಂದಿನ ವಾರ ಆಗ್ತದಲ್ಲ."

ಎಲುಬು ಅಲುಗಾಡಿದರೆ ಅಪಾಯ ಎಂಬುದು ಸುಳ್ಳಲ್ಲ. ಆದರೆ ಕಾಲಿಗೆ ಪಟ್ಟಿ ಕಟ್ಟಿ, ನೋವಿನ ಇಂಜೆಕ್ಷನ್ ಕೊಟ್ಟು, ಒಬ್ಬ ನರ್ಸ್ ಜೊತೆಗೆ ಹೋದರೆ ಅಪಾಯವೇನೂ ಇರುವುದಿಲ್ಲ. ಕ್ಯಾಜುವಾಲ್ಟಿಯಲ್ಲಿದ್ದಾಗ ಅಂಥ ಎಷ್ಟೋ ಜನರನ್ನು ನಾನೇ ಕೂತು ಕರೆದೊಯ್ದಿದ್ದೆ. ಅವತ್ತು ಕೇಳಿದ್ದರೆ ಅವಳ ಜೊತೆಯೂ ಹೋಗಬಹುದಿತ್ತು. ಮುಂದಿನ ವಾರ ಆಗುತ್ತದೆ ಅಂದದ್ದು ಮಾತ್ರ ಅಪ್ಪಟ ಸುಳ್ಳು. ನಾಲಿಗೆ ಒಂದಿಷ್ಟೂ ತೊದಲದೆ, ಅಜ್ಜಿಯ ಹತ್ತಿರ ಕಲಿತ ಮಾತಿನಲ್ಲೇ ಹೇಳಿದೆ.

ಶಿವರಾಜ ಇನ್ನೇನೋ ಅನ್ನಲು ಬಾಯಿ ತೆರೆದ. ಕಸ್ತೂರಿಬಾಯಿ ಬಿಡಲಿಲ್ಲ. "ನಮ್ಮ ತಂಗಿ ಹೇಳಿದ ಮ್ಯಾಲ ಮುಗೀತು. ನೀ ಗಾಡಿ ತಿರುಗಿ ಕಳಸು."

ಕಿಟಕಿಯಿಂದ ನೋಡಿದೆ. ಮಳೆಯಲ್ಲಿ ಆ ಬಿಳಿ ಗಾಡಿ ಹಿಂದೆ ಮುಂದೆ ಮಾಡಿ, ಬೇವಿನ ಮರದ ಹತ್ತಿರ ತಿರುಗಿಕೊಂಡು, ಗೇಟಿನಾಚೆ ಹೋಯಿತು. ಆಗ ನನಗೆ ತಪ್ಪು ಮಾಡಿದೆ ಅನ್ನಿಸಿತು ಅಂತ ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಆಗ ಅನ್ನಿಸಿದ್ದು ಸಮಾಧಾನ. ಅವತ್ತು ಮೆಸ್ಸಿನಲ್ಲಿ ಹೊಟ್ಟೆ ತುಂಬ ಉಂಡೆ.

ತಪ್ಪಿನ ಅರಿವು ನಿಧಾನಕ್ಕೆ ಬಂತು, ಸೇವೆಯ ವೇಷದಲ್ಲಿ ಬಂತು. ಅವಳ ಬೆನ್ನಿನ ಮೇಲೆ ಒಂದು ಕೆಂಪು ಕಲೆ ಏಳಲು ನಾನು ಬಿಡಲಿಲ್ಲ. ಎರಡು ಗಂಟೆಗೊಮ್ಮೆ ಬೆನ್ನು ಎತ್ತಿ ಒರೆಸಿದೆ, ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ, ರಜೆಯ ದಿನವೂ ಬಂದು ಕಡ್ಡಿಯ ಸುತ್ತ ಲೋಬಾನದ ಬಟ್ಟೆ ಬದಲಿಸಿದೆ. ಶಿಂದೆ ಮೇಡಂ ರೌಂಡಿಗೆ ಬಂದವರು ಉಳಿದ ಹುಡುಗಿಯರನ್ನು ಕರೆದು, ನೋಡಿ ಕಲಿಯಿರಿ ಅಂದರು. ಇಷ್ಟು ಚೆನ್ನಾಗಿ ನೋಡಿಕೊಳ್ಳುವವಳು ಕೆಟ್ಟವಳಾಗಿರಲಾರಳು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ದಿನವೂ ಬೆಳಿಗ್ಗೆ ಅವಳು ಕೇಳುವಳು: "ನಾಳಿ ಏನು ತಂಗಿ?" ನಾನು, "ಮಷೀನ್ ಕೆಟ್ಟದಕ್ಕ, ಇನ್ನಾ ರಿಪೇರಿ ಆಗಿಲ್ಲ" ಅನ್ನುವೆ. "ಆಗ್ಲಿ ಬಿಡು, ನೀ ಇದ್ದೀಯಲ್ಲ" ಅನ್ನುವಳು. ಹದಿನೈದನೇ ದಿನದ ಹೊತ್ತಿಗೆ ಆ ಮಾತು ಕೇಳಲಾರದೆ ಬೆಳಗಿನ ಹೊತ್ತು ಅವಳ ಮಂಚದ ಹತ್ತಿರ ಇನ್ನೊಬ್ಬಳನ್ನು ಕಳಿಸತೊಡಗಿದೆ.

ಆಗಲಾದರೂ ಹೇಳಬಹುದಿತ್ತು. ಎಂಟನೇ ದಿನ ಹೇಳಬಹುದಿತ್ತು, ಹತ್ತನೇ ದಿನ ಹೇಳಬಹುದಿತ್ತು. ಶಿವರಾಜನ ನಂಬರು ನನ್ನ ಫೋನಿನಲ್ಲಿತ್ತು. ಒಂದು ಮಾತು ಅಂದಿದ್ದರೆ ಅವನು ಮತ್ತೆ ಗಾಡಿ ತರುತ್ತಿದ್ದ. ಪ್ರತಿ ದಿನ ಒಂದು ದಿನ ಕಳೆಯಿತಲ್ಲ, ಇನ್ನೇನು ಅಂತ ದೂಡಿದೆ.

ಆಪರೇಷನ್ ಆದದ್ದು ಇಪ್ಪತ್ತೈದನೇ ದಿನ. ಅಷ್ಟರಲ್ಲಿ ಮುರಿದ ತುದಿಗಳು ಒಂದರ ಮೇಲೊಂದು ಏರಿ ಅಲ್ಲೇ ಅಂಟಿಕೊಳ್ಳಲು ಶುರುವಾಗಿದ್ದವು. ಕಾಲು ಕೊಯ್ದು, ಬೆಳೆದದ್ದನ್ನು ಕೆತ್ತಿ, ಎಳೆದು ಕೂರಿಸಬೇಕಾಯಿತು. ತೊಡೆಯ ಸ್ನಾಯು ಮೂಳೆಗೆ ಹತ್ತಿಕೊಂಡುಬಿಟ್ಟಿತ್ತು. ಸರ್ಜನ್ ಹೊರಗೆ ಬಂದು ಕೈಗವಸು ಕಿತ್ತು ಬುಟ್ಟಿಗೆ ಎಸೆಯುತ್ತ, "ಇಷ್ಟು ತಡವಾದರೆ ಮೊಣಕಾಲು ಬಗ್ಗುವುದನ್ನು ಮರೆಯಬೇಕು" ಅಂದರು. ಯಂತ್ರಕ್ಕೆ ಬೈದರು. ಅಲ್ಲಿ ನಿಂತಿದ್ದ ನನ್ನನ್ನು ಯಾರೂ ಬೈಯಲಿಲ್ಲ.

ಮೂರು ತಿಂಗಳ ವ್ಯಾಯಾಮದ ಮೇಲೂ ಅವಳ ಎಡ ಮೊಣಕಾಲು ಅರವತ್ತು ಡಿಗ್ರಿಗಿಂತ ಹೆಚ್ಚು ಮಡಚಲಿಲ್ಲ. ಕುರ್ಚಿಯ ಮೇಲೆ ಕೂತರೂ ಆ ಕಾಲು ಮುಂದಕ್ಕೆ ಚಾಚಿಕೊಂಡೇ ಇರುತ್ತಿತ್ತು. ನೆಲದ ಮೇಲೆ ಕೂರುವ ಮಾತೇ ಇರಲಿಲ್ಲ.

ನನ್ನ ಕೇಸ್ ಸ್ಟಡಿಗೆ ಆ ವರ್ಷ ಮೊದಲ ಸ್ಥಾನ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವಿ, ಟ್ರ್ಯಾಕ್ಷನ್‌ನ ಇಷ್ಟು ಚೊಕ್ಕ ಶುಶ್ರೂಷೆ ಇತ್ತೀಚೆಗೆ ನೋಡಿಲ್ಲ ಅಂದರು. ಅದರ ಬಲದಿಂದಲೇ ಸಂಭಾಜಿನಗರದ ಒಂದು ಕಾಲೇಜಿನಲ್ಲಿ ನನಗೆ ಟ್ಯೂಟರ್ ಕೆಲಸ ಸಿಕ್ಕಿತು. ಆ ಪುಸ್ತಕದ ಒಂದು ಪ್ರತಿ ನಮ್ಮ ಕಾಲೇಜಿನ ಕಪಾಟಿನಲ್ಲಿದೆ. ಕೇಸ್ ಸ್ಟಡಿ ಹೇಗೆ ಬರೆಯಬೇಕು ಅಂತ ಪ್ರತಿ ವರ್ಷ ಹೊಸ ಹುಡುಗಿಯರಿಗೆ ಅದನ್ನೇ ಕೊಡುತ್ತಾರೆ. ನಾನೇ ಕೊಡುತ್ತೇನೆ.

ಆಮೇಲೆ ನಾಸಿಕ್‌ಗೆ ಹೋದಾಗಲೆಲ್ಲ ಕಸ್ತೂರಿಬಾಯಿಯ ಮನೆಗೆ ಹೋಗುತ್ತಿದ್ದೆ. ಪ್ರೀತಿಯಿಂದ ಅಂತ ಅವಳು ತಿಳಿದಿದ್ದಳು. ಪ್ರೀತಿಯೂ ಇತ್ತು, ಇಲ್ಲ ಅನ್ನಲಾರೆ. ಚೀಲದಲ್ಲಿ ಕೀಲು ಅಳೆಯುವ ಮಾಪಕ ಇರುತ್ತಿತ್ತು, ಎರಡು ಪ್ಲಾಸ್ಟಿಕ್ ಪಟ್ಟಿ ನಡುವೆ ತಿರುಗಣೆ. ಹೋದ ಕೂಡಲೇ ಅವಳ ಮೊಣಕಾಲಿಗೆ ಇಟ್ಟು ನೋಡುವುದು. ಅರವತ್ತು. ಅರವತ್ತೈದು. ಒಮ್ಮೆ ಎಪ್ಪತ್ತು ಆದಾಗ ನಾನು ಕುಣಿದುಬಿಟ್ಟೆ. ಅಲ್ಲಿಂದ ಮುಂದೆ ಹೋಗಲಿಲ್ಲ.

ರೇವಣಪ್ಪನವರು ಅಡುಗೆಮನೆಯಲ್ಲಿ ಎತ್ತರದ ಕಟ್ಟೆ ಕಟ್ಟಿಸಿ, ಅದರ ಮೇಲೆ ಒಲೆ ಇಡಿಸಿದ್ದರು. ಅವಳು ಬಲಗಾಲಿನ ಮೇಲೆ ಭಾರ ಹಾಕಿ ನಿಂತು ರೊಟ್ಟಿ ಬಡಿಯಲು ನೋಡಿದಳು. ಬರಲಿಲ್ಲ. ಗಿರಾಕಿಗಳು ಬರುವುದು ಕಡಿಮೆ ಮಾಡಿದರು. ಕೊನೆಗೆ ಇಬ್ಬರು ಹೆಂಗಸರನ್ನು ಇಟ್ಟುಕೊಂಡಳು. ಅವರು ಕೆಳಗೆ ಕೂತು ಬಡಿಯುವುದು, ಇವಳು ನಿಂತು ಹಂಚಿನ ಮೇಲೆ ಬೇಯಿಸುವುದು. "ನಂದೀಗ ಬರೇ ಮಗ್ಗಲು ತಿರುವೋ ಕೆಲಸ ನೋಡು" ಅಂತ ನಗುವಳು. ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತು ಉಣ್ಣುವಾಗ ಅವಳೊಬ್ಬಳು ಗೋಡೆಯ ಪಕ್ಕ ಕುರ್ಚಿಯ ಮೇಲೆ ತಾಟು ತೊಡೆಯಲ್ಲಿಟ್ಟುಕೊಂಡು ಉಣ್ಣುವಳು. ನಾನು ಹೊರಡುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡದೆ ಎಂದೂ ಕಳಿಸಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಹೇಳುವಳು: "ಈಕಿ ಇರ್ಲಿಲ್ಲ ಅಂದ್ರ ನನ್ನ ಕಾಲೇ ಇರ್ತಿರ್ಲಿಲ್ಲ." ಸಂಭಾಜಿನಗರಕ್ಕೆ ಬಂದು ಆ ರೊಟ್ಟಿಯ ಗಂಟನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದೆ. ನಾನು ಒಂದು ಚೂರೂ ಮುರಿಯುತ್ತಿರಲಿಲ್ಲ.

ಪೇಟೆಯಲ್ಲಿ ಲೋಬಾನದ ಹೊಗೆ ಮುಖಕ್ಕೆ ಬಂತು ಅಂದೆನಲ್ಲ, ಅದರ ಮಾರನೇ ದಿನ ನಾಸಿಕ್‌ನಲ್ಲಿ ಪರೀಕ್ಷೆಯ ಕೆಲಸವಿತ್ತು. ಕಸ್ತೂರಿಬಾಯಿ ಫೋನಿನಲ್ಲಿ ಯಾವಾಗಲೂ ಅನ್ನುವಳು, ನನ್ನ ಮ್ಯಾಲ ಬುಕ್ ಬರದೀ ಅಂತ, ಏನ್ ಬರದೀ ಅಂತ ಒಂದಿನಾನೂ ಓದಿ ಹೇಳ್ಲಿಲ್ಲ. ಏನೋ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಕಪಾಟಿನಿಂದ ಪುಸ್ತಕ ತೆಗೆದು ಚೀಲಕ್ಕೆ ಹಾಕಿಕೊಂಡೆ.

ಮಧ್ಯಾಹ್ನದ ಊಟದವರು ಹೋಗಿದ್ದರು. ಕೆಲಸದ ಹೆಂಗಸರು ಮಾರನೇ ದಿನಕ್ಕೆ ರೊಟ್ಟಿ ಬಡಿದು ಅರ್ಧ ಬೇಯಿಸಿಟ್ಟು ಮನೆಗೆ ಹೊರಟಿದ್ದರು. ಅವಳು ಕಟ್ಟೆಯ ಹತ್ತಿರ ನಿಂತು ಒಂದೊಂದನ್ನೇ ಖಡಕ್ ಆಗುವ ಹಾಗೆ ಹಂಚಿನ ಮೇಲೆ ಒತ್ತುತ್ತಿದ್ದಳು. ಮಾಮಾ ಬಾಗಿಲಲ್ಲಿ ಕೂತಿದ್ದರು. ನಾನು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಓದುತ್ತ ಹೋದೆ. ರೋಗಿಯು ನಗುಮುಖದವರು, ಎಲ್ಲರೊಡನೆ ಬೆರೆಯುವವರು ಅಂದಾಗ, "ಕೇಳ್ರಿ, ಕೇಳ್ರಿ" ಅಂತ ಗಂಡನ ಕಡೆ ಸೌಟು ತೋರಿಸಿದಳು. ಐದನೇ ದಿನದ ಪುಟ ಬಂತು. ದಾಟಿಸಿ ಮುಂದಿನ ಪುಟಕ್ಕೆ ಹೋಗಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

"ರೋಗಿಯನ್ನು ಬೇರೆಡೆ ಒಯ್ಯುವುದರಲ್ಲಿರುವ ಅಪಾಯವನ್ನು ಸಂಬಂಧಿಕರಿಗೆ ತಿಳಿಹೇಳಲಾಯಿತು. ಅವರು ಪೂರ್ಣ ಸಹಕಾರ ನೀಡಿದರು."

"ಅಂದ್ರ?"

"ಶಿವರಾಜಣ್ಣ ಗಾಡಿ ತಂದಿದ್ನಲ್ಲಕ್ಕ. ಅವತ್ತಿಂದು."

ಆಮೇಲೆ ಹೇಳಿದೆ. ಯಂತ್ರದ ವಿಷಯ ಹೇಳಿದೆ, ಇಪ್ಪತ್ತೊಂದು ದಿನದ ನಿಯಮ ಹೇಳಿದೆ, ಮಾಸ್ತರರು ನಡೆದು ಹೋದದ್ದಕ್ಕೆ ಸಿಟ್ಟು ಬಂದದ್ದನ್ನೂ ಹೇಳಿದೆ. ಎಲ್ಲಿ ನಿಲ್ಲಿಸಬೇಕು ತಿಳಿಯಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದಾಗ ಅವಳು ಅದನ್ನು ತೆಗೆದು ಬದಿಗಿಟ್ಟು ಒಲೆ ಆರಿಸಿದಳು.

"ಮಷೀನ್ ಮೂರು ವಾರ ಬರಂಗಿಲ್ಲ ಅಂತ ನಿಂಗ ಗೊತ್ತಿತ್ತು?"

"ಗೊತ್ತಿತ್ತು."

"ಗಾಡಿ ಬಂದ ದಿನಾನೇ?"

"ಅದರ ಹಿಂದಿನ ದಿನಾನೇ ಗೊತ್ತಿತ್ತಕ್ಕ."

ಮಾಮಾ ಟವೆಲ್ ತೆಗೆದು ಮಡಚಿದರು. ಅವಳು ಕಟ್ಟೆಯ ಅಂಚು ಹಿಡಿದುಕೊಂಡಳು.

"ಡಾಕ್ಟ್ರು ಹಿಂದಿ ಮಾತಿನ್ಯಾಗ ಹೇಳಿದ್ರ ನಾವು ಇನ್ನ ನಾಕ ಮಂದೀನ ಕೇಳ್ತಿದ್ವಿ" ಅಂದಳು. ಬೈಯುವ ದನಿಯಲ್ಲ, ಲೆಕ್ಕ ಹಾಕಿ ನೋಡುವ ದನಿ. "ನೀ ನಮ್ಮ ಮಾತಿನ್ಯಾಗ ಹೇಳ್ದಿ ಅಂತ ಯಾರ್ನೂ ಕೇಳ್ಲಿಲ್ಲ."

"ತಪ್ಪಾತಕ್ಕ."

"ಅದು ತಿಳೀತು." ಪುಸ್ತಕದ ಕಡೆ ಕೈ ಮಾಡಿದಳು. "ಇದರಾಗ ಇದು ಅದ ಏನು? ಈಗ ಹೇಳ್ದಿಯಲ್ಲ, ಇದು?"

"ಇಲ್ಲ."

"ಇದನ್ನೇ ಓದಿ ನಿನ್ನ ಹುಡಿಗೇರು ಕಲೀತಾರ?"

"ಹೂಂ."

"ಹಂಗಾರ ಬರಿ. ಇಲ್ಲೇ ಕುಂತು ಬರಿ."

ಅಲ್ಲಿದ್ದದ್ದು ಒಂದೇ ಕುರ್ಚಿ, ಅವಳದು. ನಾನು ನೆಲದ ಮೇಲೆ, ಹೆಂಗಸರು ರೊಟ್ಟಿ ಬಡಿಯುವ ಜಾಗದಲ್ಲಿ ಕೂತೆ. ನನ್ನ ಎರಡು ಮೊಣಕಾಲೂ ಕೇಳುವ ಮೊದಲೇ ಮಡಚಿಕೊಂಡವು. ಅವಳು ಕುರ್ಚಿಯಲ್ಲಿ ಕೂತು ಮೇಲಿನಿಂದ ಅದನ್ನು ನೋಡುತ್ತಿದ್ದಳು. ಪೆನ್ನು ತೆಗೆದು ಇಂಗ್ಲಿಷಿನಲ್ಲಿ ಬರೆಯಲು ಹೊರಟೆ.

"ಯಾವ ಮಾತಿನ್ಯಾಗ ಬರೀಲತ್ತೀದಿ?"

"ಇಂಗ್ಲಿಷ್."

"ಬ್ಯಾಡ. ಸುಳ್ಳು ಯಾವುದರಾಗ ಹೇಳಿದ್ದಿ, ಅದರಾಗೇ ಬರಿ."

ಆ ಪುಟದ ಅಂಚಿನಲ್ಲಿ ಕನ್ನಡದಲ್ಲಿ ಬರೆದೆ: ಇವರನ್ನು ಐದನೇ ದಿನ ಕಳಿಸಬೇಕಿತ್ತು. ನನ್ನ ಇಪ್ಪತ್ತೊಂದು ದಿನ ತುಂಬಲಿ ಎಂದು ಸುಳ್ಳು ಹೇಳಿ ತಡೆದೆ. ಇವರ ಮೊಣಕಾಲು ಈಗ ಮಡಚುವುದಿಲ್ಲ. ಓದು ಅಂದಳು, ಓದಿದೆ. ಕೆಳಗೆ ಹೆಸರು ಹಾಕು ಅಂದಳು, ಹಾಕಿದೆ.

ಏನು ಮಾಡಬೇಕು ತೋಚದೆ, ರೂಢಿಯಂತೆ ಚೀಲದಿಂದ ಮಾಪಕ ತೆಗೆದು ಅವಳ ಕುರ್ಚಿಯ ಹತ್ತಿರ ಹೋದೆ. ಅವಳು ಸೀರೆಯ ಅಂಚನ್ನು ಮೊಣಕಾಲಿನ ಮೇಲೆ ಎಳೆದುಕೊಂಡಳು.

"ಇವತ್ತು ಬ್ಯಾಡ" ಅಂದಳು.

ಹೊರಡುವಾಗ ಮಾಮಾ ರೊಟ್ಟಿಯ ಬುಟ್ಟಿಯ ಕಡೆ ನೋಡಿ, ಅವಳ ಮುಖ ನೋಡಿ, ಬಾಗಿಲ ಕಡೆ ತಿರುಗಿದರು. ಮೊದಲ ಸಲ ಬರಿಗೈಯಲ್ಲಿ ಬಸ್ಸು ಹತ್ತಿದೆ. ಚಾಂದವಡ್ ದಾಟುವವರೆಗೂ ಆ ಸೀದ ರೊಟ್ಟಿ ಕಣ್ಣ ಮುಂದಿತ್ತು. ಅದನ್ನಾದರೂ ಕೇಳಿ ಇಸಿದುಕೊಂಡು ತಿನ್ನಬೇಕಿತ್ತು ಅನ್ನಿಸಿ ಅಳು ಬಂತು. ಆಮೇಲೆ ಎರಡು ಸಲ ಫೋನ್ ಮಾಡಿದ್ದೇನೆ. ಮಾಮಾ ಎತ್ತುತ್ತಾರೆ, ಆರಾಮದೀವಿ ಅನ್ನುತ್ತಾರೆ, ಇಡುತ್ತಾರೆ.

ಪುಸ್ತಕವನ್ನು ಮತ್ತೆ ಅದೇ ಕಪಾಟಿನಲ್ಲಿ ಇಟ್ಟಿದ್ದೇನೆ. ನಮ್ಮ ಹುಡುಗಿಯರಲ್ಲಿ ಒಬ್ಬಳಿಗೂ ಕನ್ನಡ ಓದಲು ಬರುವುದಿಲ್ಲ. ಕಳೆದ ವಾರ ಒಬ್ಬಳು ಆ ಪುಟವನ್ನು ಬೆರಳಿಟ್ಟು ಹಿಡಿದುಕೊಂಡು ಬಂದು ಮರಾಠಿಯಲ್ಲಿ ಕೇಳಿದಳು, "ಮೇಡಂ, ಇಲ್ಲಿ ಬದಿಗೆ ನಿಮ್ಮ ಹೆಸರಿದೆಯಲ್ಲ, ಏನು ಬರೆದದ್ದು ಇದು?"

ಏನಿಲ್ಲ ಅಂದಿದ್ದರೆ ನಂಬುತ್ತಿದ್ದಳು. ನನ್ನ ಮಾತನ್ನು ಆ ಹುಡುಗಿಯರು ಯಾವತ್ತೂ ನಂಬುತ್ತಾರೆ. ಬಾಗಿಲು ಮುಂದೆ ಮಾಡಿ ಬಾ ಅಂದೆ. ಅವಳು ಎದುರಿಗೆ ಕೂತಳು. ಪುಸ್ತಕ ನನ್ನ ಕಡೆ ತಿರುಗಿಸಿಕೊಂಡು, ಮೊದಲು ಕನ್ನಡದಲ್ಲಿ ಇದ್ದದ್ದು ಇದ್ದ ಹಾಗೆ ಓದಿದೆ. ಆಮೇಲೆ ಅವಳಿಗೆ ತಿಳಿಯುವ ಹಾಗೆ ಮರಾಠಿಯಲ್ಲಿ ಹೇಳಿದೆ.